ಮುಂಡಗೋಡದಲ್ಲಿ ಒಂದು ತಿಥಿ

ಹಾವೇರಿಯವರಿಗೆ ಟಿಬೆಟ್ ಅಂದರೆ ಒಂದೂವರೆ ತಾಸಿನ ದಾರಿ. ಬಂಕಾಪುರದ ಹತ್ತಿರ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಹೊರಳಿದರೆ ಮುಂಡಗೋಡ. ಊರು ದಾಟಿ ಸ್ವಲ್ಪ ಹೋಗುವಷ್ಟರಲ್ಲಿ ಗಾಳಿಗೆ ಪಟಪಟಿಸುವ ಬಣ್ಣದ ಬಾವುಟಗಳು, ಬಂಗಾರದ ಬಣ್ಣದ ಚಾವಣಿಗಳು, ಕೆಂಪು ವಸ್ತ್ರದ ಭಿಕ್ಷುಗಳು ಕಾಣಲು ಶುರುವಾಗುತ್ತದೆ. ಭಾನುವಾರ ಬಂತೆಂದರೆ ರಾಣೇಬೆನ್ನೂರು, ಬ್ಯಾಡಗಿ, ಹಾನಗಲ್ಲ ಕಡೆಯಿಂದ ಗಾಡಿ ಮಾಡಿಕೊಂಡು ಹೋಗುವವರು ಬಹಳ. ಫೋಟೊ ಹೊಡೆಸಿಕೊಂಡು, ಮೊಮೊ ತಿಂದು, ಅತ್ತಿವೇರಿ ಪಕ್ಷಿಧಾಮ ನೋಡಿಕೊಂಡು ಸಂಜೆಗೆ ಮನೆ. ನಾನೂ ಬೀಗರನ್ನು, ನೆಂಟರನ್ನು ಕರೆದುಕೊಂಡು ಹೀಗೆ ಎಷ್ಟೋ ಸಲ ಹೋಗಿಬಂದಿದ್ದೇನೆ. ಆದರೆ ದೇವರ ಕೆಲಸವೆಂದು ಅಲ್ಲಿಗೆ ಹೋದದ್ದು ಒಂದೇ ಸಲ. ಅದೂ ನಮ್ಮ ಮನೆಯ ಕೆಲಸಕ್ಕಲ್ಲ, ಜರ್ಮನಿಯಿಂದ ಬಂದಿದ್ದ ಒಂದು ಕುಟುಂಬದ ಕೆಲಸಕ್ಕೆ.

ನನ್ನ ಕಿರಿಯ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಕ್ರಿಸ್‌ಮಸ್ ರಜೆಗೆ ಬರುವಾಗ ತನ್ನ ಸಹೋದ್ಯೋಗಿಯ ಕುಟುಂಬವನ್ನೂ ಕರೆತಂದ. ಗಂಡ ಎತ್ತರದ ಜರ್ಮನ್ ಮನುಷ್ಯ, ಮಾತು ಕಡಿಮೆ. ಹೆಂಡತಿ ಹುಟ್ಟಿ ಬೆಳೆದದ್ದು ಜರ್ಮನಿಯಲ್ಲೇ, ಮುಖ ಮಾತ್ರ ಪೂರ್ವದ ಕಡೆಯದು. ಅವಳ ತಂದೆ ತಾಯಿ ವಿಯೆಟ್ನಾಂನವರು. ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ. ಆ ಹುಡುಗನಿಗೆ ಬಾಯಿ ತುಂಬ ಪ್ರಶ್ನೆ.

ಮೊದಲ ಎರಡು ದಿನ ನಮ್ಮ ಸೀಮೆ ತೋರಿಸಿದ್ದಾಯಿತು. ರಾಣೇಬೆನ್ನೂರಿನಲ್ಲಿ ಮಗನ ಮಾವನ ಮನೆಯ ಊಟ, ಅಲ್ಲಿಯ ಅಭಯಾರಣ್ಯದ ಕೃಷ್ಣಮೃಗ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹೊಸ ಮೆಣಸಿನಕಾಯಿ ಬರಲು ಆಗತಾನೆ ಶುರುವಾಗಿತ್ತು. ಚೀಲ ಬಿಚ್ಚಿ ಸುರಿದ ಕೆಂಪು ರಾಶಿ ನೋಡಿ ಮಕ್ಕಳು ಹತ್ತಿರ ಹೋಗಲು ಹೆದರಿದರು. ಖಾರ ಕಡಿಮೆ, ಬಣ್ಣ ಹೆಚ್ಚು, ಅದಕ್ಕೇ ಇದಕ್ಕೆ ಬೆಲೆ ಎಂದು ತಿಳಿಸಿ ಹೇಳಿದೆ. ಹುಡುಗ ನಂಬಲಿಲ್ಲ. ಸೀನು ಬಂದ ಮೇಲಂತೂ ನನ್ನ ಮಾತಿಗೆ ಬೆಲೆಯೇ ಉಳಿಯಲಿಲ್ಲ.

ಆ ದಿನ ರಾತ್ರಿ ಊಟ ಮುಗಿಸಿ ಕುಳಿತಾಗ ಅವನ ತಾಯಿ ಕೇಳಿದಳು: "ಇಲ್ಲಿ ಹತ್ತಿರದಲ್ಲಿ ಬೌದ್ಧ ದೇವಸ್ಥಾನ ಇದೆಯೇ? ನಾಡಿದ್ದು ಹೋಗಬೇಕಿತ್ತು." ಯಾಕೆ ನಾಡಿದ್ದೇ ಎಂದು ಮಗ ವಿಚಾರಿಸಿದ. ಅವಳ ತಂದೆ ತೀರಿಕೊಂಡು ಅಂದಿಗೆ ಒಂದು ವರ್ಷ. ಇಂಗ್ಲಿಷ್ ತಾರೀಖಿನ ಪ್ರಕಾರ ಅಲ್ಲ, ಅವರ ಮನೆಯವರು ಅನುಸರಿಸುವ ಚಾಂದ್ರಮಾನದ ಲೆಕ್ಕದಲ್ಲಿ: ಹನ್ನೊಂದನೇ ತಿಂಗಳ ಹದಿನೆಂಟನೇ ದಿನ.

ಇಂಗ್ಲಿಷ್ ಬಾರದ ನನ್ನ ಹೆಂಡತಿ, ಮಗ ಕನ್ನಡದಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಎದ್ದು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದಳು. ಬೆರಳು ಮಡಿಸಿ ಎಣಿಸಿದಳು. "ಹೊಸ್ತಿಲ ಹುಣ್ಣಿಮಿ ಕಳದು ಮೂರನೇ ದಿನ. ಮಾರ್ಗಶಿರ ಬಹುಳ ತದಿಗಿ. ಅದನ್ನs ಹೇಳಾಕತ್ತಾಳ ಆಕಿ. ವರ್ಷದ ತಿಥಿ ಅದು!" ಎಂದಳು. ಆ ಹೆಣ್ಣುಮಗಳು ಫೋನಿನಲ್ಲಿ ತೋರಿಸಿದ ತಾರೀಖೂ ನಮ್ಮ ಕ್ಯಾಲೆಂಡರಿನ ತದಿಗೆಯೂ ಒಂದೇ ಶನಿವಾರಕ್ಕೆ ಬಿದ್ದಿದ್ದವು. ಚಂದ್ರ ಎಲ್ಲರಿಗೂ ಒಬ್ಬನೇ ತಾನೆ. ಆದರೂ ಅವಳಿಗೆ ಆಶ್ಚರ್ಯ. ಜರ್ಮನಿಯಲ್ಲಿ ಈ ದಿನ ಯಾವುದೆಂದು ಪ್ರತಿ ಸಲ ಫೋನಿನಲ್ಲಿ ಹುಡುಕಬೇಕಾಗುತ್ತದೆ, ಇಲ್ಲಿ ಅಡಿಗೆಮನೆಯ ಗೋಡೆಯ ಮೇಲೇ ಇದೆಯಲ್ಲ ಎಂದಳು.

ಅವಳ ತಂದೆಯ ಕಥೆಯನ್ನು ಅಂದು ರಾತ್ರಿ ಸ್ವಲ್ಪ ಕೇಳಿದೆವು. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಜನ ಸಣ್ಣ ದೋಣಿಗಳಲ್ಲಿ ದೇಶ ಬಿಟ್ಟರು. ಸಮುದ್ರದಲ್ಲೇ ಸತ್ತವರಿಗೆ ಲೆಕ್ಕವಿಲ್ಲ. ಹಾಗೆ ಬಂದವರನ್ನು ನೀರಿನಿಂದ ಎತ್ತಿಕೊಳ್ಳಲು 1979ರಲ್ಲಿ ಜರ್ಮನಿಯ ಕೆಲವರು ಹಣ ಕೂಡಿಸಿ 'ಕ್ಯಾಪ್ ಅನಾಮೂರ್' ಎಂಬ ಹಡಗು ಕಳಿಸಿದ್ದರು. ಅದು ಎತ್ತಿಕೊಂಡವರಲ್ಲಿ ಇವಳ ತಂದೆಯೂ ಒಬ್ಬ. ಆತ ಮತ್ತೆ ತನ್ನ ಊರು ನೋಡಲಿಲ್ಲ.

ಕಲಬುರಗಿಯಲ್ಲಿ ದೊಡ್ಡ ಬುದ್ಧವಿಹಾರವಿದೆ, ಆದರೆ ಮಕ್ಕಳನ್ನು ಕಟ್ಟಿಕೊಂಡು ಹೋಗಿಬರಲು ದೂರ. ಮುಂಡಗೋಡವೇ ಸರಿ ಎಂದು ಗೊತ್ತಾಯಿತು. ಅಲ್ಲಿ ಒಂದು ರಾತ್ರಿ ಉಳಿದು ಬೆಳಗಿನ ಪ್ರಾರ್ಥನೆ ಕೇಳುವ ಆಸೆ ಅವಳಿಗೆ. ಅದು ಆಗುವ ಮಾತಲ್ಲ. ವಿದೇಶಿಯರು ಟಿಬೆಟಿಯನ್ ಕ್ಯಾಂಪಿನಲ್ಲಿ ತಂಗಬೇಕಾದರೆ ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಿಗೆ ಬೇಕು, ಅದು ಕೈಗೆ ಬರಲು ವಾರಗಳೇ ಬೇಕು. ಇದನ್ನು ಹೇಳಿದಾಗ ಗಂಡ ಮುಖ ಸಣ್ಣ ಮಾಡಿದ. ಅವಳು ನಕ್ಕಳು. "ನಮ್ಮಪ್ಪನ ಕೆಲಸ ಕಾಗದಪತ್ರ ಇಲ್ಲದೆ ಎಂದೂ ಆಗಿಲ್ಲ" ಎಂದಳು. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರುವುದೆಂದು ನಿಶ್ಚಯವಾಯಿತು.

ಶನಿವಾರ ಏಳಕ್ಕೇ ಹೊರಟೆವು. ಮಗನಿಗೆ ರಾಣೇಬೆನ್ನೂರಿನಲ್ಲಿ ಕೆಲಸವಿತ್ತು, ಹೀಗಾಗಿ ಮಾತಿನ ಹೊಣೆ ನನ್ನದು. ನನ್ನದು ಬ್ಯಾಂಕಿನ ಇಂಗ್ಲಿಷ್. ನಲವತ್ತು ವರ್ಷ 'ನಿಮ್ಮ ಪತ್ರಕ್ಕೆ ಸಂಬಂಧಿಸಿದಂತೆ' ಎಂದು ಶುರು ಮಾಡಿ ಬರೆದ ಇಂಗ್ಲಿಷ್. ಅದರಲ್ಲಿ ಸಾವು, ತಂದೆ, ಊರು ಎಂಬ ಮಾತುಗಳನ್ನು ಆಡುವುದು ಅಷ್ಟು ಸುಲಭವಲ್ಲ. ಹೆಂಡತಿ ಹಿಂದಿನ ದಿನವೇ ಪೇಟೆಯಿಂದ ಒಂದು ಏಲಕ್ಕಿ ಹಾರ ತರಿಸಿಟ್ಟಿದ್ದಳು. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಅದನ್ನು ಹಸನು ಮಾಡಿ ಮಾರುವ ಕಸುಬಿನಿಂದ ಹೆಸರಾದದ್ದು ಹಾವೇರಿ. ಮಂತ್ರಿ ಮಹೋದಯರ ಕೊರಳಿಗೆ ಬೀಳುವ ಹಾರವದು. "ಹೂವು ಸಂಜಿಗೆ ಬಾಡತಾವು. ಇದು ಇರತೈತಿ" ಎಂದು ಅವಳ ವಾದ.

ಮುಂಡಗೋಡ ನನಗೆ ಹೊಸದಲ್ಲ. ಬ್ಯಾಂಕಿನಲ್ಲಿದ್ದಾಗ ಮೂರು ವರ್ಷ ಅಲ್ಲಿಯ ಶಾಖೆಯಲ್ಲಿದ್ದೆ. ಹಾಗಾಗಿ ದಾರಿಯುದ್ದಕ್ಕೂ ಹುಡುಗನ ಪ್ರಶ್ನೆಗಳಿಗೆ ನಾನೇ ಉತ್ತರಿಸಿದೆ. ಓದುವ ಮಕ್ಕಳಿಗೂ ಗೊತ್ತಿರಲಿ ಎಂದು ಇಲ್ಲಿ ಬರೆಯುತ್ತೇನೆ. 1959ರಲ್ಲಿ ದಲಾಯಿ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಹಿಮದ ಬೆಟ್ಟ ದಾಟಿ ಬಂದರು. ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದು ಬದುಕಿದರು. ಅವರಿಗೆ ನೆಲೆ ಕೊಡಬೇಕೆಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಆಗಿನ ಮೈಸೂರು ರಾಜ್ಯ ಮುಂದೆ ಬಂತು. ಮೊದಲು ಬೈಲುಕುಪ್ಪೆ, 1960ರಲ್ಲಿ. ಆಮೇಲೆ 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡ. ಸುಮಾರು 4,000 ಎಕರೆ, ಹೆಚ್ಚಿನಂಶ ಕಾಡು. ಅದನ್ನು ಕಡಿದು ಹಸನು ಮಾಡಿ ಗೋವಿನಜೋಳ, ಭತ್ತ ಬೆಳೆದರು. ಬೇಸಾಯ ಸಾಲದೆ ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರಿಗೆ ಹೊರಟರು. ನಮ್ಮ ಕಡೆಯ ಎಷ್ಟೋ ಮಕ್ಕಳ ಮೊದಲ ಸ್ವೆಟರ್ ಅವರ ಅಂಗಡಿಯದು.

ಗಾಂದೆನ್, ಡ್ರೆಪುಂಗ್ ಎಂಬ ಎರಡು ದೊಡ್ಡ ಮಠಗಳ ಭಿಕ್ಷುಗಳು ಬಂಗಾಳದ ಬಕ್ಸಾದ ಹಳೆಯ ಜೈಲಿನ ಕೋಟೆಯಲ್ಲಿ ಹತ್ತು ವರ್ಷದಷ್ಟು ಕಾಲ ಇದ್ದು, ಆಮೇಲೆ ಇಲ್ಲಿಗೆ ಬಂದರು. ಗಾಂದೆನ್ ಟಿಬೆಟಿನಲ್ಲಿ 1409ರಲ್ಲಿ, ಡ್ರೆಪುಂಗ್ 1416ರಲ್ಲಿ ಹುಟ್ಟಿದ ಮಠಗಳು. ಡ್ರೆಪುಂಗ್ ಎಂದರೆ ಅಕ್ಕಿಯ ರಾಶಿ ಎಂದರ್ಥ. ಭತ್ತದ ಗದ್ದೆಗಳ ನಡುವೆ ಬಂದು ನೆಲೆಸಿದ ಮಠಕ್ಕೆ ಅದಕ್ಕಿಂತ ಒಪ್ಪುವ ಹೆಸರು ಬೇಕೆ?

ಬ್ಯಾಂಕಿನಲ್ಲಿ ಅವರ ಖಾತೆ ತೆರೆಯುವಾಗ ಒಂದು ಕಾಲಮಿಗೆ ಬಂದು ಪೆನ್ನು ನಿಲ್ಲುತ್ತಿತ್ತು: ರಾಷ್ಟ್ರೀಯತೆ. ಭಾರತೀಯ ಎಂದು ಬರೆಯುವಂತಿಲ್ಲ, ಟಿಬೆಟ್ ಎಂಬ ದೇಶ ಪಟ್ಟಿಯಲ್ಲಿಲ್ಲ. 'ಟಿಬೆಟಿಯನ್ ನಿರಾಶ್ರಿತ' ಎಂದು ಬರೆದು, ಸರಕಾರ ಕೊಟ್ಟ ನೋಂದಣಿ ಪತ್ರದ ನಂಬರು ಹಾಕುತ್ತಿದ್ದೆವು. ಆ ಪತ್ರವನ್ನು ಅವಧಿ ಮುಗಿದ ಹಾಗೆಲ್ಲ ನವೀಕರಿಸಿಕೊಳ್ಳಬೇಕು. ಕೆಳಗೆ ಅವರು ತಮ್ಮ ಲಿಪಿಯಲ್ಲಿ ಸಹಿ ಹಾಕುತ್ತಿದ್ದರು. ಎಷ್ಟು ಚೆಂದದ ಅಕ್ಷರ! ಚೆಕ್ ಬಂದಾಗ ಮಾದರಿ ಸಹಿಯ ಜೊತೆ ಹೋಲಿಸುವುದು ಅಕ್ಷರ ಓದಿದಂತಲ್ಲ, ಚಿತ್ರ ನೋಡಿದಂತೆ. ಈಗ ಕಾನೂನಿನಲ್ಲಿ ಸ್ವಲ್ಪ ದಾರಿಯಿದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು. ಟಿಬೆಟಿಯನ್ನರಿಗೂ ಇದು ಸಲ್ಲುತ್ತದೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಬೆಟ್ಟ ದಾಟಿ ಬಂದ ಮುದುಕರಿಗೆ ಮಾತ್ರ ಅದೇ ಕಾಲಮ್, ಅದೇ ಉತ್ತರ.

ನಾನು ಇದೆಲ್ಲ ಹೇಳುತ್ತಿದ್ದಾಗ ಹಿಂದಿನ ಸೀಟಿನಲ್ಲಿದ್ದ ತಾಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ತನ್ನ ತಂದೆಯ ಪಾಸ್‌ಪೋರ್ಟಿನಲ್ಲೂ ಬಹಳ ವರ್ಷ ಹೀಗೇ ಏನೋ ಬರೆದಿತ್ತು ಎಂದಳು. ಅಷ್ಟೇ.

ಮಠದ ಅಂಗಳ ಹೊಕ್ಕಾಗ ಗದ್ದಲವೋ ಗದ್ದಲ. ಜಗಳ ನಡೆದಿದೆ ಎಂದುಕೊಂಡು ನನ್ನ ಹೆಂಡತಿ ಹಿಂದೆ ಸರಿದಳು. ಅದು ಜಗಳವಲ್ಲ, ಪಾಠ. ಒಬ್ಬ ನೆಲದ ಮೇಲೆ ಕುಳಿತಿರುತ್ತಾನೆ. ಎದುರು ನಿಂತವನು ಪ್ರಶ್ನೆ ಹಾಕಿ, ಎಡಗಾಲು ಅಪ್ಪಳಿಸಿ, ಅಂಗೈ ಚಟಾರನೆ ತಟ್ಟುತ್ತಾನೆ. ಕುಳಿತವನು ತಕ್ಷಣ ಉತ್ತರ ಹೇಳಬೇಕು. ಶಾಸ್ತ್ರದ ಒಂದೊಂದು ಮಾತನ್ನೂ ಹೀಗೆ ವಾದ ಮಾಡಿ ಮಾಡಿ ಕಲಿಯುತ್ತಾರೆ. ಹುಡುಗನಿಗೆ ಇದು ಎಲ್ಲಕ್ಕಿಂತ ಹಿಡಿಸಿತು. ಪ್ರಶ್ನೆ ಕೇಳಿದ್ದಕ್ಕೆ ಬೈಯದೆ ಚಪ್ಪಾಳೆ ಹೊಡೆಯುವ ಶಾಲೆ! ಭಿಕ್ಷುಗಳ ಬಟ್ಟೆಯ ಬಣ್ಣ ನೋಡಿ "ನಿನ್ನೆಯ ಮೆಣಸಿನಕಾಯಿ" ಎಂದ. ಒಣಗಿದ ಬ್ಯಾಡಗಿ ಕಾಯಿಯ ಅದೇ ಕಡುಗೆಂಪು, ಸುಳ್ಳಲ್ಲ.

ಒಳಗೆ ಎತ್ತರದ ಬುದ್ಧ, ಪಕ್ಕದಲ್ಲಿ ಹಳದಿ ಟೊಪ್ಪಿಗೆಯ ಗುರು ತ್ಸೊಂಗ್‌ಖಾಪಾ, ಸಾಲು ಸಾಲು ನೀರಿನ ಬಟ್ಟಲು. ಆ ಹೆಣ್ಣುಮಗಳು ಏನನ್ನೋ ಹುಡುಕುತ್ತಿದ್ದಳು. ಅವರ ಮನೆಯಲ್ಲಿ ತಂದೆ ಪೂಜಿಸುತ್ತಿದ್ದದ್ದು 'ಕ್ವಾನ್ ಆಮ್' ಎಂಬ ತಾಯಿಯನ್ನು. ಬಿಳಿ ಸೀರೆಯಂಥ ಉಡುಪು, ಕೈಯಲ್ಲಿ ನೀರಿನ ಗಿಂಡಿ. ದೋಣಿಯಲ್ಲಿ ಬಂದವರೆಲ್ಲ ಅವಳ ಹೆಸರನ್ನೇ ಕೂಗಿದ್ದರಂತೆ. ಅಲ್ಲಿದ್ದ ತರುಣ ಭಿಕ್ಷುವಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು, ನನ್ನ ಹೊರೆ ಇಳಿಯಿತು. ಅವನು ಒಂದು ಚಿತ್ರಪಟದ ಮುಂದೆ ಕರೆದೊಯ್ದ: ಹನ್ನೊಂದು ತಲೆ, ಸಾವಿರ ಕೈ. "ಇವರೇ ಅವರು. ನಾವು ಚೆನ್ರೆಸಿಗ್ ಅನ್ನುತ್ತೇವೆ, ಭಾರತದಲ್ಲಿ ಅವಲೋಕಿತೇಶ್ವರ." ನಮ್ಮ ಕಡೆ ಗಂಡು, ಅವರ ಕಡೆ ಹೆಣ್ಣು, ಕರುಣೆ ಒಂದೇ ಎಂದ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಸಾವಿರ ಕೈಯ ಈ ದೇವರು ಅವಳ ತಂದೆಗೆ ಗುರುತಿಲ್ಲದವನು. ಆಮೇಲೆ ಪಕ್ಕದ ಗೋಡೆಯಲ್ಲಿ ಹಸಿರು ಮೈಯ ತಾರಾದೇವಿ ಕಂಡಳು, ಒಂದು ಕಾಲು ಕೆಳಗಿಳಿಸಿ ಈಗ ಎದ್ದು ಬಂದೇನೆಂಬಂತೆ ಕುಳಿತವಳು. ಅಲ್ಲಿ ನಿಂತಳು.

ತಾರೆ ನಮಗೂ ಹೊರಗಿನವಳಲ್ಲ. ಹಾವೇರಿಗೆ ಹತ್ತಿರದ ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಒಂದು ಶಾಸನವಿದೆ. ಅಲ್ಲಿಯ ಸೆಟ್ಟಿಗಳು ಸೇರಿ ಆರ್ಯತಾರೆಗೆ ವಿಹಾರ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಮುಂಡಗೋಡದಿಂದ ದೂರವಲ್ಲದ ಬನವಾಸಿಗೆ ಅಶೋಕನ ಕಾಲದಲ್ಲೇ ರಕ್ಖಿತನೆಂಬ ಭಿಕ್ಷು ಬಂದನೆಂದು ಸಿಂಹಳದ ಮಹಾವಂಸದಲ್ಲಿದೆ. ನಾವು ಮರೆತ ದೇವರನ್ನು ಇವರು ಬೆಟ್ಟದಾಚೆಯಿಂದ ಹೊತ್ತು ತಂದಿದ್ದಾರೆ. ಇದನ್ನು ಅವಳಿಗೆ ಹೇಳಬೇಕೆಂದಿದ್ದೆ. ಅವಳು ಕಣ್ಣು ಮುಚ್ಚಿದ್ದಳು, ಸುಮ್ಮನಾದೆ.

ತೀರಿಹೋದವರಿಗಾಗಿ ಪ್ರಾರ್ಥನೆ ಮಾಡಿಸಬೇಕಾದರೆ ಹೆಸರು ಬರೆದು ಕೊಡಬೇಕು. ಭಿಕ್ಷು ಹೆಸರು ಕೇಳಿದ, ಅವಳು ಹೇಳಿದಳು. ವಿಯೆಟ್ನಾಮಿನ ಭಾಷೆಯಲ್ಲಿ ಸ್ವರ ಏರಿಳಿದರೆ ಅರ್ಥವೇ ಬೇರೆಯಂತೆ. ಅವನು ಟಿಬೆಟಿನ ಲಿಪಿಯಲ್ಲಿ ಬರೆದು ಓದಿದ. ಅವಳು ತಲೆಯಲ್ಲಾಡಿಸಿ ಮತ್ತೆ ಹೇಳಿದಳು. ಅವನು ಹೊಡೆದುಹಾಕಿ ಮತ್ತೆ ಬರೆದ. ಹೀಗೆ ನಾಲ್ಕು ಸಲ. ಅವನು ಬೇಸರ ಮಾಡಲಿಲ್ಲ, ಅವಳೂ 'ಇರಲಿ ಬಿಡಿ' ಎನ್ನಲಿಲ್ಲ. ಐದನೇ ಸಲ ಅವನು ಓದಿದಾಗ ಇಷ್ಟು ಹೊತ್ತು ದೂರ ನಿಂತಿದ್ದ ಮಗಳು ಓಡಿ ಬಂದು ತಾಯಿಯ ಕೈ ಹಿಡಿದುಕೊಂಡಳು. ಅಜ್ಜನನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಹಾಗೇ ಇರಬೇಕು.

ದೀಪ ಹಚ್ಚಲು ಬೇರೆಯೇ ಒಂದು ಗಾಜಿನ ಮನೆ. ದೇವಸ್ಥಾನದೊಳಗೆ ಹಚ್ಚಿದರೆ ಮಸಿ, ಬೆಂಕಿಯ ಭಯ. ಟಿಬೆಟಿನಲ್ಲಿ ಚಮರಿಯ ಬೆಣ್ಣೆ ಹಾಕುತ್ತಿದ್ದರು, ಇಲ್ಲಿ ಡಾಲ್ಡಾ. ನೂರಾರು ದೀಪದ ಕಾವಿಗೆ ಡಿಸೆಂಬರಿನಲ್ಲೂ ಬೆವರು. ಅವಳು ಫೋನಿನಲ್ಲಿದ್ದ ತಂದೆಯ ಫೋಟೊ ತೆರೆದು ಮೇಜಿಗೆ ಆನಿಸಿಟ್ಟಳು. ಹೆಂಡತಿ ಏಲಕ್ಕಿ ಹಾರ ಕೊಟ್ಟಳು. ಫೋನಿಗೆ ಹಾರ ಹಾಕುವುದು ಹೇಗೆ? ಸುತ್ತಲೂ ಬಳಸಿಟ್ಟಳು. ಒಬ್ಬೊಬ್ಬರೂ ಒಂದೊಂದು ದೀಪ ಹಚ್ಚಿದೆವು. ಗಂಡ ಎಲ್ಲರಿಗಿಂತ ಕೊನೆಗೆ ಹಚ್ಚಿದ, ಕೈ ನಡುಗುತ್ತಿತ್ತು. ಮಾವನ ಜೊತೆ ಹದಿನೈದು ವರ್ಷ ಚದುರಂಗ ಆಡಿದವನಂತೆ.

ಅಲ್ಲಿ ಒಬ್ಬ ಟಿಬೆಟಿಯನ್ ಅಜ್ಜಿ ಜಪಸರ ತಿರುಗಿಸುತ್ತ ನಮ್ಮನ್ನೇ ನೋಡುತ್ತಿದ್ದಳು. ಮುಖದ ತುಂಬ ನೆರಿಗೆ, ಸೊಂಟಕ್ಕೆ ಪಟ್ಟೆಪಟ್ಟೆಯ ಬಟ್ಟೆ. "ಎಲ್ಲಿಂದ ಬಂದೀರಿ?" ಎಂದಳು. ಅಚ್ಚ ನಮ್ಮ ಕಡೆಯ ಕನ್ನಡ.

"ಹಾವೇರಿಯಿಂದ ಬಂದೇವ್ರಿ. ಇವರು ಜರ್ಮನಿಯವರು. ಈ ತಂಗಿಯ ಅಪ್ಪಂದು ಇವತ್ತು ವರ್ಷ."

"ಹಾವೇರಿ ಗೊತ್ತೈತಿ. ನನ್ನ ಮಗಳು ಸ್ವೆಟರ್ ಮಾರಾಕ ಬರತಿದ್ಲು" ಎಂದು ಅಜ್ಜಿ ಕೆಳಗೆ ಕುಳಿತಳು. ನನ್ನ ಹೆಂಡತಿಯೂ ಕುಳಿತಳು. ಇನ್ನು ಮಾತಿಗೇನು ಬರ! ಹತ್ತು ವರ್ಷದವಳಿದ್ದಾಗ ಅಪ್ಪನ ಕೈ ಹಿಡಿದು ಬೆಟ್ಟ ದಾಟಿದ್ದಳಂತೆ. "ಇಲ್ಲಿ ಬಂದಾಗ ಬರೇ ಅಡವಿ. ಸೆಕಿ ಅಂದ್ರ ಏನಂತ ನಮಗ ಗೊತ್ತs ಇರಲಿಲ್ಲ. ನಮ್ಮಪ್ಪ ಎರಡು ವರ್ಷ ಗಂಟು ಬಿಚ್ಚಲಿಲ್ಲ. ಬರೂ ವರ್ಷ ಹೊಳ್ಳಿ ಹೋಗೂದೈತಿ, ಯಾಕ ಬಿಚ್ಚಲಿ ಅಂತಿದ್ದ." ಕನ್ನಡ ಕಲಿತದ್ದು ಹೊಲಕ್ಕೆ ಕೂಲಿಗೆ ಬರುತ್ತಿದ್ದ ಹೆಣ್ಣುಮಕ್ಕಳಿಂದ. ಅಜ್ಜಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಮತ್ತೆ ನನ್ನ ಬ್ಯಾಂಕಿನ ಇಂಗ್ಲಿಷೇ ಗತಿ. ದೋಣಿಯ ಕಥೆ ಹೇಳಿದೆ. ಅಜ್ಜಿ ಸಮುದ್ರ ನೋಡಿದವಳಲ್ಲ. "ಎಷ್ಟು ದಿನ ನೀರಾಗ ಇದ್ರು?" ಎಂದು ಕೇಳಿದಳು. ಐದು ದಿನ. "ನಾವು ಹದಿನೇಳು ದಿನ ಬರಫಿನಾಗ" ಎಂದಳು.

ಆಗ ಹುಡುಗ ನನ್ನ ಅಂಗಿ ಜಗ್ಗಿದ. "ಅಜ್ಜಿಗೆ ಕೇಳಿ, ಅವರು ಮನೆಗೆ ಯಾವಾಗ ಹೋಗುತ್ತಾರೆ?"

ಅವನು ಕೇಳಿದ್ದು ಯಾವ ಮನೆ ಎಂದು ನನಗೆ ಗೊತ್ತಿತ್ತು. ತಾಯಿಗೂ ಗೊತ್ತಿತ್ತು, ಅವಳು ಅವನ ಭುಜ ಹಿಡಿದು ಬೇಡ ಎಂಬಂತೆ ಅದುಮಿದಳು. ಆದರೆ ಮಗು ಕೇಳಿದ್ದನ್ನು ಕೇಳಿದ ಹಾಗೇ ಕನ್ನಡಕ್ಕೆ ತಂದೆ. "ಮನಿಗೆ ಯಾವಾಗ ಹೊಕ್ಕೀರಿ ಅಂತ ಕೇಳತಾನ್ರಿ."

ಅಜ್ಜಿ ಬಾಗಿಲಾಚೆ ಬಿಸಿಲು ನೋಡಿದಳು. "ಇನ್ನೇನ್ ಹೊಂಟೆ. ಊಟದ ಹೊತ್ತಾತು. ಮೂರನೇ ಕ್ಯಾಂಪಿಗೆ ಆಟೋ ಸಿಗತೈತಿ" ಎಂದಳು.

ಅದನ್ನೂ ಹೇಳಿದ ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗ ಸರಿ ಎಂದು ತಲೆಯಾಡಿಸಿದ. ಅವನ ತಾಯಿ ಮಾತ್ರ ಒಂದು ಗಳಿಗೆ ಸುಮ್ಮನಿದ್ದು ಹೇಳಿದಳು: "ನಮ್ಮಪ್ಪನನ್ನು ಯಾರಾದರೂ ನಿಮ್ಮ ಊರು ಯಾವುದು ಅಂತ ಕೇಳಿದರೆ ನಮ್ಮ ಮನೆಗೆ ಬರುವ ಟ್ರಾಮಿನ ನಂಬರ್ ಹೇಳುತ್ತಿದ್ದ."

ಇದನ್ನು ಅಜ್ಜಿಗೆ ತಿಳಿಸಲು ನನಗೆ ಬಹಳ ಹೊತ್ತು ಬೇಕಾಯಿತು. ಟ್ರಾಮ್ ಎಂದರೇನು ಎಂದೇ ಮೊದಲು ವಿವರಿಸಬೇಕಿತ್ತು. ತಿಳಿದ ಮೇಲೆ ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು, ಆ ಹೆಣ್ಣುಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಹಣೆಯನ್ನು ಅವಳ ಹಣೆಗೆ ಮುಟ್ಟಿಸಿದಳು. ಹೊರಡುವಾಗ ತನ್ನ ಚೀಲದಿಂದ ಒಂದು ಬಿಳಿ ಖಾತಾ ತೆಗೆದು ಅವಳ ಕೊರಳಿಗೆ ಹಾಕಿದಳು. ಗೌರವಕ್ಕೆ ಹಾಕುವ ತೆಳು ಬಟ್ಟೆ ಅದು, ನಮ್ಮ ಶಾಲು ಇದ್ದ ಹಾಗೆ. ಮೇಜಿನ ಮೇಲಿದ್ದ ಏಲಕ್ಕಿ ಹಾರವನ್ನು ಅವಳು ಅಜ್ಜಿಗೆ ಕೊಡಲು ಹೋದಾಗ "ಬ್ಯಾಡ, ಅದು ಅಪ್ಪಗ ಹಾಕಿದ್ದು" ಎಂದು ಅಜ್ಜಿ ಒಪ್ಪಲಿಲ್ಲ. ಎರಡು ಏಲಕ್ಕಿ ಮಾತ್ರ ಕಿತ್ತುಕೊಂಡು ಒಂದನ್ನು ಬಾಯಿಗೆ ಹಾಕಿಕೊಂಡಳು.

ಊಟಕ್ಕೆ ಹೆಂಡತಿ ಕಟ್ಟಿ ತಂದ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಮಕ್ಕಳು ಮೊಮೊ ಬೇಕೆಂದು ಹಟ ಹಿಡಿದು ಒಂದು ಸಣ್ಣ ಹೋಟೆಲಿಗೆ ಎಳೆದೊಯ್ದರು. ಮೊಮೊ ಜೊತೆ ಕೊಟ್ಟ ಕೆಂಪು ಚಟ್ನಿಯನ್ನು ಹುಡುಗ ನಾಲಗೆಯ ತುದಿಗೆ ಮುಟ್ಟಿಸಿ, ಮೊದಲ ಸಲ ನನ್ನ ಮಾತು ನಂಬಿದ. ಬಣ್ಣ ಹೆಚ್ಚು, ಖಾರ ಕಡಿಮೆ.

ಮೂರು ದಿನ ಬಿಟ್ಟು ಅವರು ಬೆಂಗಳೂರಿಗೆ ಹೊರಟರು. ಹೊಸ ವರ್ಷದ ಕ್ಯಾಲೆಂಡರ್ ಅಷ್ಟರಲ್ಲಿ ಬಂದಿತ್ತು. ಹೆಂಡತಿ ಡಿಸೆಂಬರ್ ಹಾಳೆಯವರೆಗೆ ಮಗುಚಿ, ಮಾರ್ಗಶಿರ ಬಹುಳ ತದಿಗೆಯ ಮನೆಯಲ್ಲಿ, ನಮ್ಮ ಮನೆಯ ಹಿರಿಯರ ದಿನಗಳನ್ನು ಗುರುತು ಮಾಡುವ ಅದೇ ಪೆನ್ನಿನಿಂದ 'ಜರ್ಮನಿ ಅಪ್ಪ' ಎಂದು ಬರೆದಳು. ಆ ದಿನ ಬಂದಾಗ ಮಗನಿಗೆ ಎರಡು ದಿನ ಮೊದಲೇ ಫೋನ್ ಮಾಡಿ, ಅವರಿಗೆ ನೆನಪು ಮಾಡು ಎಂದಳು. ಅಲ್ಲಿಂದ ಒಂದು ಫೋಟೊ ಬಂತು. ಅವರ ಮನೆಯ ಕಿಟಕಿಯಲ್ಲಿ ಹೊರಗೆ ಹಿಮ, ಒಳಗೆ ಹಿರಿಯರ ಪಟ, ಅದಕ್ಕೆ ನಮ್ಮ ಏಲಕ್ಕಿ ಹಾರ. ಎರಡು ಏಲಕ್ಕಿ ಕಡಿಮೆಯಿದ್ದ ಜಾಗ ಕಾಣುತ್ತದೆಯೇ ಎಂದು ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.